ಮೂರನೆಯ ತಟ್ಟೆ

ಪ್ರಯೋಗಾಲಯದಲ್ಲಿ ನಮ್ಮ ಮೇಡಂ ಅವರದು ಒಂದೇ ಕಟ್ಟಪ್ಪಣೆ: ಯಾವ ಫಲಿತಾಂಶವೂ ಮೂರು ಸಲ ಬರುವವರೆಗೆ ಬಾಗಿಲಾಚೆ ಹೋಗಕೂಡದು. ಹನ್ನೊಂದು ವರ್ಷದಿಂದ ಇಲ್ಲಿ ಕ್ಯಾನ್ಸರ್ ಕೋಶಗಳನ್ನು ಸಾಕುತ್ತಿರುವ ನಾನು ಹೊಸಬರಿಗೆಲ್ಲ ಆ ಮಾತನ್ನು ಗಿಳಿಪಾಠ ಮಾಡಿಸಿದ್ದೇನೆ. ಕೊನೆಗೆ ಅದನ್ನು ಮುರಿದವಳೂ ನಾನೇ.

ಕೋಶ ಬೆಳೆಸಿದ ಮೊದಲ ತಟ್ಟೆಗೆ ವಿಟಮಿನ್ ಸಿ ಹಾಕಿ ಮಾರನೆಯ ದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೋಶಗಳು ತಳ ಬಿಟ್ಟು ಗುಂಡಗೆ ತೇಲುತ್ತಿದ್ದವು. ಎಲ್ಲವೂ ಸತ್ತಿದ್ದವು. ಮನೆಯಲ್ಲಿ ಅಕ್ಕ ಎದೆಯ ಗಡ್ಡೆಗೆ ಕೀಮೋ ಮಾಡಿಸಿಕೊಂಡು, ಕೂದಲೆಲ್ಲ ಉದುರಿ, ನೀರು ಕುಡಿದರೂ ವಾಂತಿ ಮಾಡುತ್ತಿದ್ದಳು. ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ. ಆ ಸಂಜೆಯೇ ಹೇಳಿಬಿಟ್ಟೆ. ಅಕ್ಕ ಮುಂದಿನ ಎರಡು ಕೀಮೋ ತಪ್ಪಿಸಿದಳು. ನಾನು ಬೇಡ ಎನ್ನಲಿಲ್ಲ, ಡಬ್ಬಿಗಟ್ಟಲೆ ವಿಟಮಿನ್ ಮಾತ್ರೆ ತಂದುಕೊಟ್ಟೆ. ಅವಳಿಗೆ ಊಟ ಸೇರತೊಡಗಿತು, ತಲೆಯಲ್ಲಿ ಕೂದಲು ಚಿಗುರಿತು. "ನಮ್ಮ ತಂಗಿ ಕಂಡುಹಿಡಿದ ಔಷಧಿ" ಎಂದು ಪಕ್ಕದ ಮನೆಯವರ ಮುಂದೆ ಜಂಬ ಕೊಚ್ಚಿದಳು. ನಾನೂ ಉಬ್ಬಿಹೋದೆ.

ಎರಡನೆಯ ತಟ್ಟೆಯೂ ಹಾಗೆಯೇ ಬಂತು. ಮೂರನೆಯದರಲ್ಲಿ, ಕೋಶಗಳಿರುವ ಪುಟ್ಟ ಗುಳಿಗಳ ಪೈಕಿ ಅರ್ಧಕ್ಕೆ ಒಂದು ಕಿಣ್ವ ಬೆರೆಸಲು ಮೇಡಂ ಹೇಳಿದರು. ಗಾಯ ತೊಳೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದುಹಾಕುವ ಕಿಣ್ವ ಅದು. ಇವತ್ತು ಬೆಳಿಗ್ಗೆ ನೋಡಿದೆ. ಕಿಣ್ವ ಬಿದ್ದ ಕಡೆಯೆಲ್ಲ ಕೋಶಗಳು ತಳಕ್ಕೆ ಅಂಟಿಕೊಂಡು ಗಟ್ಟಿಮುಟ್ಟಾಗಿದ್ದವು.

"ಸಾಯಿಸಿದ್ದು ವಿಟಮಿನ್ ಅಲ್ಲಮ್ಮ," ಎಂದರು ಮೇಡಂ. "ಅದು ನಾವು ಕೋಶ ಬೆಳೆಸೋಕೆ ಹಾಕೋ ದ್ರವದ ಜೊತೆ ಸೇರಿ ಪೆರಾಕ್ಸೈಡ್ ಹುಟ್ಟಿದೆ, ಅದು ಸಾಯಿಸಿದೆ. ತಟ್ಟೇಲಿ ಸಾಯಿಸೋದೇನು ಮಹಾ, ಫಿನಾಯಿಲ್ ಹಾಕಿದ್ರೂ ಸಾಯ್ತವೆ. ನುಂಗಿದ ಮಾತ್ರೆ ಮೈಯೊಳಗೆ ಹೀಗೆ ಮಾಡಲ್ಲ. ಸದ್ಯ, ಹೊರಗೆ ಯಾರಿಗೂ ಹೇಳಿಲ್ವಲ್ಲ?"

ಕೈಗವಸು ಬಿಚ್ಚಿದೆ. ಅರ್ಧ ದಿನ ರಜೆ ಬರೆದಿಟ್ಟು ಹೊರಟೆ. ದಾರಿಯುದ್ದಕ್ಕೂ ನನ್ನ ನಾಲಿಗೆಗೆ ನಾನೇ ಹಿಡಿಶಾಪ ಹಾಕಿಕೊಂಡೆ.

ಅಕ್ಕ ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ಪಕ್ಕದಲ್ಲೇ ಮಾತ್ರೆ ಡಬ್ಬಿ ಇತ್ತು. ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ.

"ತಪ್ಪಾಯ್ತು ಅಕ್ಕ. ಎರಡು ಕೀಮೋ ನನ್ನಿಂದ ತಪ್ಪಿಹೋಯ್ತು. ಬೈಯಿ, ಎರಡೇಟು ಹಾಕು. ಆದ್ರೆ ನಾಳೆನೇ ಆಸ್ಪತ್ರೆಗೆ ನಡಿ."

ಅಕ್ಕ ಬೈಯಲಿಲ್ಲ. ಕೈಯಲ್ಲಿದ್ದ ಟವೆಲನ್ನು ಮಡಚಿ ಮುಗಿಸಿದಳು. ಆಮೇಲೆ ನನ್ನ ಕೈ ಹಿಡಿದೆಳೆದು ತನ್ನ ಕಂಕುಳಲ್ಲಿ ಒತ್ತಿದಳು. ಗೋಲಿಯಷ್ಟು ದಪ್ಪದ ಗಂಟೊಂದು ಬೆರಳಿಗೆ ಸಿಕ್ಕಿತು. ಅದು ಮೊದಲು ಅಲ್ಲಿರಲಿಲ್ಲ.

"ಸ್ನಾನ ಮಾಡುವಾಗ ಸಿಕ್ತು. ಹತ್ತು ದಿನ ಆಯ್ತು ಕಣೇ," ಎಂದಳು.

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?" ಎಂದೆ.

"ನೀನು ದಿನಾ ಅಷ್ಟು ಖುಷಿಯಾಗಿ ಮನೆಗೆ ಬರ್ತಿದ್ದೆ. ಹೇಳೋಕೆ ಬಾಯೇ ಬರ್ಲಿಲ್ಲ. ಹೋಗ್ಲಿ ಬಿಡು, ನಾಳೆ ಎಷ್ಟೊತ್ತಿಗೆ ಹೊರಡ್ಬೇಕು ಹೇಳು."