ಕಲೆ ಉಳಿದ ಗೋಡೆ

ಶಿಶುವಿಹಾರದ ಹಿಂಬದಿಯ ಕೋಣೆಗೆ ‘ಕಲೆಯ ಕೋಣೆ’ ಎಂದು ಬೋರ್ಡು ಬರೆಸಿದವರು ದೊಡ್ಡ ಮೇಡಂ. ಬೋರ್ಡು ಹಳತಾಗುವಷ್ಟರಲ್ಲಿ ಅದರ ಮಾತು ಇನ್ನೊಂದು ಅರ್ಥದಲ್ಲೂ ನಿಜವಾಗಿತ್ತು. ನೆಲಕ್ಕೆಲ್ಲ ನೀಲಿ, ಬಾಗಿಲ ಹಿಡಿಗೆ ಜೇಡಿಮಣ್ಣು. ಫ್ಯಾನಿನ ರೆಕ್ಕೆಗೆ ಹಸಿರು ಹೇಗೆ ತಲುಪಿತೆಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕೋಣೆ ನೋಡಿಕೊಳ್ಳುವಾಕೆಯನ್ನು ಮಕ್ಕಳು ಬಣ್ಣದಕ್ಕ ಎನ್ನುತ್ತಿದ್ದರು. ಉಳಿದ ಟೀಚರುಗಳೂ ಹಾಗೇ ಎನ್ನುತ್ತಿದ್ದರು. ಅದು ಮಾತ್ರ ಆಕೆಯ ಬಣ್ಣದ ಮಾತಿಗೆ.

ದೊಡ್ಡ ಮೇಡಂ ಯಾವ ಮಾತನ್ನೂ ಎರಡು ಸಲ ಹೇಳದೆ ಬಿಟ್ಟವರಲ್ಲ. ಬಣ್ಣದಕ್ಕ ಅವರಂತೆಯೇ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು “ಬನ್ನಿ, ಬನ್ನಿ, ಕೂತ್ಕೊಳ್ಳಿ, ಕೂತ್ಕೊಳ್ಳಿ” ಎಂದರೆ ಸ್ಟಾಫ್ ರೂಮು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನೋಡಿ ನೋಡಿ ಮಕ್ಕಳೂ ಕಲಿತುಬಿಟ್ಟಿದ್ದರು.

ಆದರೆ ಆ ಗುರುವಾರ ಮೇಡಂ ಹೇಳಿದ್ದು ಅಣಕಿಸುವಂಥದ್ದಾಗಿರಲಿಲ್ಲ. ಹೊಸದಾಗಿ ಸೇರುವ ಮಕ್ಕಳ ಅಪ್ಪ ಅಮ್ಮಂದಿರು ಸೋಮವಾರ ಶಾಲೆ ನೋಡಲು ಬರುತ್ತಾರೆ, ಅಷ್ಟರೊಳಗೆ ಈ ಕೋಣೆಯ ಗೋಡೆ ಬೆಳ್ಳಗಾಗಬೇಕು, ಸಾಮಾನು ಖಾಲಿಯಾಗಬೇಕು, ಇನ್ನು ಮುಂದೆ ಇಲ್ಲಿ ಹೆಚ್ಚುವರಿ ಕುರ್ಚಿಗಳು ಎಂದರು. ಮಕ್ಕಳು ಬಣ್ಣ ಹಚ್ಚುವುದೆಲ್ಲಿ ಎಂದು ಬಣ್ಣದಕ್ಕ ಕೇಳಿದ್ದಕ್ಕೆ, ಪುಸ್ತಕದಲ್ಲಿ, ಗೆರೆಯೊಳಗೆ ಎಂಬ ಉತ್ತರ ಬಂತು. ಎರಡು ಸಲ.

ಮರುದಿನ ಬೆಳಿಗ್ಗೆ ಆಕೆ ಮಕ್ಕಳ ಜೊತೆ ಬಂದಾಗ ಸುಣ್ಣ ಬಣ್ಣದವನು ಆಗಲೇ ಮಣ್ಣಿನ ಗೊಂಬೆಗಳ ಕಪಾಟನ್ನು ಕೋಣೆಯ ನಡುವಿಗೆ ಎಳೆದು, ರೋಲರು ಹಿಡಿದು, ಅದರ ಹಿಂದಿದ್ದ ಗೋಡೆಯ ಮುಂದೆ ಸುಮ್ಮನೆ ನಿಂತಿದ್ದ.

“ಕಲೆ ಒಂದೂ ಉಳೀಬಾರದು ಅಂತ ಮೇಡಂ ಫೋನಲ್ಲಿ ಹೇಳಿದ್ರು. ಇದು ಯಾವ ಕಲೆ ಅಕ್ಕಾ? ಬಳಿಯೋ ಕಲೆನೋ, ಬಿಡೋ ಕಲೆನೋ?”

ಶ್ಲೇಷೆ ಕಂಡಲ್ಲಿ ಸುಮ್ಮನಿರದ ಬಣ್ಣದಕ್ಕ ಈ ಸಲ ಅದನ್ನು ಬಿಟ್ಟು ಗೋಡೆಯ ಹತ್ತಿರ ಹೋದಳು.

ಕಪಾಟಿನ ಹಿಂದೆ ನೆಲದಿಂದ ತೇವ ಏರುತ್ತಿರುವುದು ಆಕೆಗೆ ಗೊತ್ತಿತ್ತು. ಮಕ್ಕಳು ಅಲ್ಲಿ ನುಸುಳುವುದೂ ಗೊತ್ತಿತ್ತು, ಕಣ್ಣಾಮುಚ್ಚಾಲೆ ಎಂದುಕೊಂಡಿದ್ದಳು. ಈಗ ನೋಡಿದರೆ ತೇವದ ಅಂಚಿನುದ್ದಕ್ಕೂ ಬಳಪದ ಗೆರೆ, ಅದರ ಮೇಲೊಂದು, ಅದರ ಮೇಲೊಂದು, ಗೋಡೆಯೊಳಗಿನಿಂದ ಬೆಟ್ಟವೊಂದು ಎದ್ದು ಬರುತ್ತಿರುವಂತೆ. ಕೆಳಗಿನವು ಕೂತು ಎಳೆದವು. ನಡುವಿನವು ನಿಂತು ಎಳೆದವು. ತೀರಾ ಮೇಲಿನದು ನಡುಗಿತ್ತು, ತುದಿಗಾಲಿನದು. ಹೆಚ್ಚಿನವು ನೀಲಿ, ನಡುನಡುವೆ ಹಳದಿ. ಒಂದೇ ಒಂದು ಗೆರೆಯೂ ತೇವದ ಅಂಚು ಬಿಟ್ಟು ಆಚೀಚೆ ಹೋಗಿರಲಿಲ್ಲ.

“ಏನಿದು, ಏನಿದು? ಇನ್ನೂ ಶುರುನೇ ಮಾಡಿಲ್ವಾ?” ದೊಡ್ಡ ಮೇಡಂ ಬಾಗಿಲಲ್ಲಿದ್ದರು.

ಎಲ್ಲದಕ್ಕೂ ಯಾಕೆ ಎಂದು ಕೇಳಿ ಯಾಕಮ್ಮನೆಂದೇ ಹೆಸರಾದ ನಾಲ್ಕು ವರ್ಷದ ಹುಡುಗಿ ಅವರ ಬೆರಳು ಹಿಡಿದು ಗೋಡೆಯ ಹತ್ತಿರ ಎಳೆದುಕೊಂಡು ಹೋಯಿತು.

“ಮುಟ್ಟಿ ನೋಡಿ, ತಣ್ಣಗಿದೆ. ಗೋಡೆ ನೀರು ಕುಡೀತಾ ಇದೆ. ಎಲ್ಲಿವರೆಗೂ ಕುಡೀತು ಅಂತ ನಾವು ದಿನಾ ಗೆರೆ ಹಾಕ್ತೀವಿ.”

ಮೇಡಂ ಸೀರೆ ಮುದುರಿಕೊಂಡು ಕುಕ್ಕರಗಾಲಲ್ಲಿ ಕೂತರು. ಕನ್ನಡಕ ತಾನಾಗಿಯೇ ಮೂಗಿನ ತುದಿಗೆ ಜಾರಿತು. ಯಾರೂ ನಗಲಿಲ್ಲ. ಹಳದಿ ಯಾಕೆ ಎಂದು ಕೇಳಿದರು; ಯಾಕಮ್ಮನಿಗೇ ಯಾಕೆ ಎಂದವರು ಅವರೇ ಮೊದಲಿಗರು.

“ಅದು ಬಿಸಿಲು ಬಂದ ದಿನ. ಗೋಡೆ ಕುಡಿದಿದ್ದನ್ನ ಬಿಸಿಲು ಕುಡಿದುಬಿಡುತ್ತೆ. ಆಗ ಕೆಳಗಿಳಿಯುತ್ತೆ.”

ಮೇಡಂ ತಲೆಯೆತ್ತಿ ಬಣ್ಣದಕ್ಕನನ್ನು ನೋಡಿದರು.

“ನಾನು ಹೇಳಿಕೊಟ್ಟಿದ್ದಲ್ಲ ಮೇಡಂ. ಈ ಗೆರೆ ಇಲ್ಲಿರೋದೇ ನನಗೆ ಗೊತ್ತಿರಲಿಲ್ಲ.”

ಕಿಟಕಿಯ ಆಚೆ ನಿನ್ನೆಯ ಮಳೆ ಇನ್ನೂ ತೊಟ್ಟಿಕ್ಕುತ್ತಿತ್ತು. ತೇವ ಕೊನೆಯ ಗೆರೆಯನ್ನು ದಾಟಿ ಒಂದು ಗೇಣು ಮೇಲೇರಿತ್ತು. ಯಾಕಮ್ಮ ತುದಿಗಾಲಲ್ಲಿ ನಿಂತಿತು, ಕೈ ಚಾಚಿತು, ಎಟುಕಲಿಲ್ಲ. ಜೇಬಿನಿಂದ ನೀಲಿ ಬಳಪದ ತುಂಡು ತೆಗೆದು ಮೇಡಂ ಕೈಗಿಟ್ಟಿತು.

“ಇವತ್ತಿಂದು ನೀವು ಹಾಕಿ. ಅಂಚು ಬಿಡಬಾರದು.”

ದೊಡ್ಡ ಮೇಡಂ ಎದ್ದು ನಿಂತು, ಉಸಿರು ಹಿಡಿದು, ತೇವ ಎಲ್ಲಿ ಏರಿದೆಯೋ ಅಲ್ಲಿ ಏರುತ್ತ, ಇಳಿದಲ್ಲಿ ಇಳಿಯುತ್ತ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಗೆರೆ ಎಳೆದರು. ಅಂಚು ಎಲ್ಲೂ ಬಿಡಲಿಲ್ಲ. ಎಳೆದು ಮುಗಿದ ಮೇಲೂ ಅಲ್ಲಿಂದ ಕದಲಲಿಲ್ಲ. ರೋಲರಿನಿಂದ ಬಿಳಿ ಬಣ್ಣ ನೆಲಕ್ಕೆ ತೊಟ್ಟಿಕ್ಕಿ ಇನ್ನೊಂದು ಕಲೆಯಾಯಿತು.

“ಕುರ್ಚಿ ಎಲ್ಲ ಇಲ್ಲಿಗೇ ತರೋದಾ ಮೇಡಂ?” ಸುಣ್ಣ ಬಣ್ಣದವನು ಮೆಲ್ಲಗೆ ಕೇಳಿದ.

“ಕುರ್ಚಿ ನನ್ನ ರೂಮಿಗೆ ಹಾಕು. ಇದು ಇರಲಿ.”

ಮಕ್ಕಳೆಲ್ಲ ಎರಡನೆಯ ‘ಇರಲಿ’ಗೆ ಕಾದರು. ಬಣ್ಣದಕ್ಕನೂ ಕಾದಳು. ಮೇಡಂ ಗೋಡೆಯನ್ನೇ ನೋಡುತ್ತ ನಿಂತಿದ್ದರು, ಆ ಮಾತು ಬರಲೇ ಇಲ್ಲ. ಕೊನೆಗೆ ಯಾಕಮ್ಮನೇ, ಅವರದೇ ದನಿಯಲ್ಲಿ, ಪಿಸುಗುಟ್ಟಿತು:

“ಇರಲಿ.”