ಹೊಗೆ ಇಲ್ಲದ ಕೆಂಡ

ಸಮ್ರೀನಳ ಕೂಸಿನ ಮೈಯಲ್ಲಿ ಕೊಬ್ಬು ಇರಲಿಲ್ಲ. ಎಂಟನೇ ತಿಂಗಳಿಗೇ ಹುಟ್ಟಿದ ಹೆಣ್ಣು ಕೂಸು. ತೂಕ ಒಂದು ಕಿಲೋ ಏಳುನೂರು ಗ್ರಾಂ. ತೊಡೆಯ ಚರ್ಮ ಬೇರೆಯವರ ಅಂಗಿಯ ಹಾಗೆ ಸಡಿಲವಾಗಿ ಜೋಲುತ್ತಿತ್ತು. ಹನ್ನೆರಡು ದಿನ ದೊಡ್ಡ ದವಾಖಾನೆಯಲ್ಲಿ ಬಿಸಿ ದೀಪದ ಕೆಳಗೆ ಇಟ್ಟುಕೊಂಡು, ಹದಿಮೂರನೆಯ ದಿನ ಮನೆಗೆ ಕಳಿಸಿದರು. ಕಳಿಸುವಾಗ ನರ್ಸು ಎರಡು ಮಾತು ಹೇಳಿದಳು. ಕೂಸಿನ ಮೈ ತಣ್ಣಗಾಗಬಾರದು. ಕೂಸು ಇರುವ ಕೋಣೆಯಲ್ಲಿ ಹೊಗೆ ಇರಬಾರದು.

ಸಮ್ರೀನಳ ಅತ್ತೆ ಅಮೀರ್ಬೀ ಈ ಎರಡು ಮಾತನ್ನು ತಮ್ಮೂರು ವಾಡಿಗೆ ಬರುವ ತನಕ ಬಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಬಂದಳು. ಹಿಂದಿನ ವರ್ಷ ಇದೇ ಪುಷ್ಯದ ಚಳಿಯಲ್ಲಿ ಸಮ್ರೀನಳ ಮೊದಲ ಕೂಸು ಅದೇ ಮನೆಯಲ್ಲಿ ತೀರಿಕೊಂಡಿತ್ತು. ಆಗ ಅಮೀರ್ಬೀ ಕೋಣೆಯೊಳಗೆ ಸಗಣಿ ಕುಳ್ಳು, ಜಾಲಿ ಕಟ್ಟಿಗೆ ಹಾಕಿ ಬೆಂಕಿ ಮಾಡಿದ್ದಳು. ಡಾಕ್ಟರು ಕೂಸಿನ ಎದೆಗೆ ಕೊಳವೆ ಇಟ್ಟು ಕೇಳಿ, “ಹೊಗಿ ಕುಡಿಸೇ ಕೊಂದೀರಿ” ಎಂದು ಎಲ್ಲರೆದುರು ಬೈದಿದ್ದರು. ಈಗ ಕುಳ್ಳು ಒಳಗೆ ಬರಲಿಲ್ಲ. ಬಾಣಂತಿಗೆ ಹಾಕುವ ಲೋಬಾನದ ಹೊಗೆಯನ್ನೂ ಅವಳೇ ನಿಲ್ಲಿಸಿದಳು.

ಮನೆ ರೈಲು ಹಳಿಯ ಆಚೆ ಓಣಿಯಲ್ಲಿತ್ತು. ಗೋಡೆ, ನೆಲ, ಮಾಳಿಗೆ ಎಲ್ಲವೂ ಶಹಾಬಾದಿ ಕಲ್ಲು. ಎರಡೂ ಪಕ್ಕ ಬೇರೆಯವರ ಗೋಡೆ, ಹಾಗಾಗಿ ಕಿಟಕಿ ಇಲ್ಲ. ಒಂದು ಬಾಗಿಲು, ಮಾಳಿಗೆಯಲ್ಲಿ ಗೇಣಗಲದ ಒಂದು ಬೆಳಕಿಂಡಿ. ಅಡುಗೆ ಹೊರಗಿನ ತಗಡಿನ ಛಪ್ಪರದಲ್ಲಿ. ಡಿಸೆಂಬರ್ ಮುಗಿಯುವ ಹೊತ್ತಿಗೆ ಕಲ್ಲು ಎಷ್ಟು ತಣ್ಣಗಾಗುತ್ತಿತ್ತೆಂದರೆ ಬರಿಗಾಲಿನಲ್ಲಿ ನಿಂತರೆ ಹಿಮ್ಮಡಿ ನೋಯುತ್ತಿತ್ತು. ಸಮ್ರೀನ್ ನರ್ಸು ತೋರಿಸಿಕೊಟ್ಟಂತೆ ಕೂಸನ್ನು ಬರಿ ಎದೆಗೆ ಅವಚಿಕೊಂಡು ಎರಡು ಕೌದಿ ಹೊದ್ದು ಕೂರುತ್ತಿದ್ದಳು. ಊಟಕ್ಕೋ ಸ್ನಾನಕ್ಕೋ ಎದ್ದರೆ ಸಾಕು, ಕೂಸಿನ ಪಾದ ನೀಲಿಯಾಗುತ್ತಿತ್ತು. ಗಂಡ ಅಬ್ರಾರ ಕರೆಂಟಿನ ಹೀಟರು ತಂದು ಹಚ್ಚಿದ. ಅದನ್ನು ಹಚ್ಚಿದಾಗಲೆಲ್ಲ ಫ್ಯೂಸು ಹೋಗಿ ಮನೆಯೇ ಕತ್ತಲಾಯಿತು. ಮೂರನೆಯ ಸಲಕ್ಕೆ ಹೀಟರನ್ನು ಹಿಂದಿರುಗಿಸಿದ.

ಅಬ್ರಾರ ಕಲ್ಲಿಗೆ ಪಾಲಿಶ್ ಹಾಕುವ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಶೆಡ್ಡಿನ ಹಿಂದೆ ಒಂದು ಸುಣ್ಣದ ಭಟ್ಟಿ. ಅಲ್ಲಿ ಕೆಲಸ ಮಾಡುವ ಅಮೀರ್ ಅಲಿ ಅವನ ಗೆಳೆಯ. ಅಬ್ರಾರ ಮನೆಯ ಪಾಡು ಹೇಳಿದಾಗ ಅಮೀರ್ ಅಲಿ ನಕ್ಕ.

“ಇಷ್ಟಕ್ಕ ಯಾಕ್ ಮಾರಿ ಸಣ್ಣ ಮಾಡ್ಕೊಂಡಿಯೋ? ಕೋಕ್ ಒಯ್ಯಿ. ಒಮ್ಮಿ ಸುಟ್ಟು ಹೊಗಿ ತಗದ ಇದ್ದಲಿ ಅದು. ಕೆಂಡ ಆದಮ್ಯಾಲ ಒಂದ್ ಎಳಿ ಹೊಗಿ ಇರಂಗಿಲ್ಲ. ಬೀಡಿ ಹಚ್ಚಿದ್ರ ಅದ್ಕಿಂತ ಜಾಸ್ತಿ ಹೊಗಿ ಬರ್ತದ.”

“ಖರೇ ಅಂತೀ?”

“ಸುಳ್ಳಾದ್ರ ನನ್ನ ಗಡ್ಡ ಬೋಳ್ಸು. ಆದ್ರ ಕೇಳಿಲ್ಲಿ, ಅದ್ರ ಬಾಜೂಕ ಮಕ್ಕೋಬ್ಯಾಡ. ಹ್ವಾದ ವರ್ಷ ಇಲ್ಲಿ ವಾಚ್‌ಮನ್ ಇದ್ದನಲ್ಲ, ಥಂಡಿಗಿ ಭಟ್ಟಿ ದಂಡಿಮ್ಯಾಲ ಮಕ್ಕೊಂಡಾವ ಮುಂಜಾನಿ ಏಳ್ಲೇ ಇಲ್ಲ. ಭಟ್ಟಿ ಎಳಕೊಂತು ಅಂತಾರ ಮಂದಿ.”

“ಕುಡದಿದ್ದನಲ್ಲೋ ಅವ.”

“ದಿನಾ ಕುಡೀತಿದ್ದ. ದಿನಾ ಏಳ್ತಿದ್ದ,” ಎಂದ ಅಮೀರ್ ಅಲಿ. ಅಷ್ಟರಲ್ಲಿ ಲಾರಿ ಬಂತು. ಇಬ್ಬರೂ ಎದ್ದರು.

ಅಂದು ಸಂಜೆ ಅಬ್ರಾರ ಒಂದು ಚೀಲ ಕೋಕು ತಂದ. ಅಂಗಳದಲ್ಲಿ ಕಬ್ಬಿಣದ ಶೇಗಡಿ ಒಲೆಗೆ ತುಂಬಿ ಹೊತ್ತಿಸಿದರು. ಹೊತ್ತುವುದಕ್ಕೆ ಮುಕ್ಕಾಲು ತಾಸು ಹಿಡಿಯಿತು. ಕೆಂಡ ಕಿತ್ತಳೆ ಬಣ್ಣಕ್ಕೆ ಬಂದ ಮೇಲೆ ಅಮೀರ್ಬೀ ತನ್ನ ಬಿಳಿ ಸೆರಗನ್ನು ಶೇಗಡಿಯ ಮೇಲೆ ಹಿಡಿದು, ತಿರುಗಿಸಿ ನೋಡಿ, ಮೂಗಿಗೆ ಹಚ್ಚಿಕೊಂಡು ಪರೀಕ್ಷಿಸಿದಳು. ಸೆರಗಿಗೆ ಮಸಿ ಹತ್ತಿರಲಿಲ್ಲ. ವಾಸನೆಯೂ ಇರಲಿಲ್ಲ.

“ಒಳಗ ತೊಗೊಂಡ್ ಬಾ,” ಎಂದಳು.

ಮಂಚದ ಕಾಲಿನ ಹತ್ತಿರ ಶೇಗಡಿ ಇಟ್ಟರು. ಬೆಳಕಿಂಡಿಗೆ ಗೋಣಿಚೀಲ ತುರುಕಿದರು. ಬಾಗಿಲಿಗೆ ಒಳಗಿನಿಂದ ಒಂದು ಕೌದಿ ಇಳಿಬಿಟ್ಟರು. ಬಾಣಂತಿಗೆ ನಲವತ್ತು ದಿನ ಗಾಳಿ ಸೋಕಬಾರದು. ಅರ್ಧ ತಾಸಿನಲ್ಲಿ ಕೋಣೆ ಬೆಚ್ಚಗಾಯಿತು. ಕೂಸಿನ ಪಾದ ಮೊದಲ ಸಲ ಗುಲಾಬಿ ಬಣ್ಣಕ್ಕೆ ತಿರುಗಿತು. ಸಮ್ರೀನ್ ಆ ಪಾದವನ್ನು ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ಹಾಗೇ ಕುಳಿತಳು.

ಮರುದಿನದಿಂದ ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಶೇಗಡಿ ಒಳಗೆ ಇರುವುದು ರೂಢಿಯಾಯಿತು. ಶೇಗಡಿ ಆರಿದ ಮೇಲೂ ಕಲ್ಲು ಒಂದಷ್ಟು ಹೊತ್ತು ಕಾವು ಹಿಡಿದಿಟ್ಟುಕೊಳ್ಳುತ್ತಿತ್ತು. ಓಣಿಯ ಹೆಂಗಸರು ನೋಡಲು ಬಂದವರು ಎದ್ದು ಹೋಗಲು ಒಲ್ಲೆನ್ನುತ್ತಿದ್ದರು.

ಶೇಗಡಿ ಬಂದ ನಾಲ್ಕನೆಯ ದಿನ, ಬುಟ್ಟಿಯಲ್ಲಿ ಕವುಚಿ ಅದೇ ಕೋಣೆಯ ಮೂಲೆಯಲ್ಲಿಟ್ಟಿದ್ದ ಏಳು ಕೋಳಿಮರಿಗಳಲ್ಲಿ ಐದು ಸತ್ತಿದ್ದವು. ಮೈಮೇಲೆ ಗಾಯವಿರಲಿಲ್ಲ. ಅಮೀರ್ಬೀ ಅವನ್ನು ಒಂದೊಂದಾಗಿ ಎತ್ತಿ ನೋಡಿದಳು. “ಥಂಡಿಗಿ ಹ್ವಾದುವು. ನೆಲದ ಮ್ಯಾಲಿಂದು ಥಂಡಿ ಭಾಳ ಕೆಟ್ಟದ್ದು,” ಎಂದಳು. ಮಾರನೆಯ ದಿನದಿಂದ ಶೇಗಡಿ ಮೂರು ತಾಸು ಉರಿಯಿತು.

ಕೂಸು ಹುಟ್ಟಿದ ಇಪ್ಪತ್ತೊಂದನೆಯ ದಿನ ಆಶಾ ಕಾರ್ಯಕರ್ತೆ ಶಿವಕಾಂತಮ್ಮ ತಕ್ಕಡಿ, ಥರ್ಮಾಮೀಟರು ಹಿಡಿದುಕೊಂಡು ಬಂದಳು. ಕೌದಿ ಸರಿಸಿ ಒಳಗೆ ಕಾಲಿಟ್ಟವಳೇ ನಿಟ್ಟುಸಿರು ಬಿಟ್ಟಳು.

“ಏನ್ರೀ ಅಮೀರ್ಬೀ, ಹಿಂಗ ಬೆಚ್ಚಗ ಮಾಡ್ಕೊಂಡು ಕುಂತ್ರ ನಾ ಇನ್ನ ಮನಿಗಿ ಹೋಗಂಗಿಲ್ಲ ನೋಡ್ರಿ.”

“ಕುಂದ್ರಿ, ಕುಂದ್ರಿ. ನಿಮ್ಗೂ ಒಂದ್ ಬಾಣಂತನ ಮಾಡ್ತೀನಿ.”

“ನನ್ನ ಮಗಗ ಮೀಸಿ ಬಂದಾವ್ರೀ ಯವ್ವಾ!” ಎಂದು ಶಿವಕಾಂತಮ್ಮ ನಕ್ಕಳು. ಆಮೇಲೆ ಶೇಗಡಿ ಕಣ್ಣಿಗೆ ಬಿತ್ತು. “ಇದೇನಿದು? ಹೊಗಿ ಬ್ಯಾಡ ಅಂದಿದ್ರಲ್ಲ?”

“ಎಲ್ಲದರೀ ಹೊಗಿ? ತೋರ್ಸ್ರಿ ನೋಡಮು. ಮೂಸಿ ನೋಡ್ರಿ ಬೇಕಾದ್ರ.”

ಶಿವಕಾಂತಮ್ಮ ಬಾಗಿ ಮೂಸಿದಳು. ಮಾಳಿಗೆ ನೋಡಿದಳು, ಕಪ್ಪಾಗಿರಲಿಲ್ಲ. ಕೂಸಿನ ಕಣ್ಣಲ್ಲಿ ನೀರಿರಲಿಲ್ಲ, ಕೆಮ್ಮಿರಲಿಲ್ಲ. ಜೋಳಿಗೆಯಲ್ಲಿ ಹಾಕಿ ತೂಗಿದಳು. ಒಂದು ಕಿಲೋ ಒಂಬೈನೂರ ಅರವತ್ತು. ಮೈ ಕಾವು ಸರಿಯಾಗಿತ್ತು. ಪುಸ್ತಕದಲ್ಲಿ ‘ಕೋಣೆ ಬೆಚ್ಚಗಿದೆ, ಹೊಗೆ ಇಲ್ಲ’ ಎಂದು ಬರೆದಳು. ಅವಳ ಮಟ್ಟಿಗೆ ಅದು ನಿಜ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಹಣೆ ಒತ್ತಿಕೊಂಡಳು. “ಬೆಚ್ಚಗಿದ್ದು ಹೊರಗ ಬಂದ್ರ ತಲಿ ಹಿಡೀತದ ನೋಡ್ರಿ,” ಎಂದು ಸೆರಗನ್ನು ಕಿವಿಗೆ ಸುತ್ತಿಕೊಂಡು ಹೋದಳು.

ತಲೆನೋವು ಆ ಮನೆಯಲ್ಲಿ ಎಲ್ಲರಿಗೂ ಇತ್ತು. ಸಮ್ರೀನಳಿಗೆ ಎದ್ದು ನಿಂತರೆ ಕಣ್ಣು ಕತ್ತಲಾಗುತ್ತಿತ್ತು. ಹೆರಿಗೆಯಲ್ಲಿ ರಕ್ತ ಹೋಗಿದೆ ಎಂದರು. ಅಮೀರ್ಬೀಗೆ ಬೆಳಿಗ್ಗೆ ವಾಂತಿ ಬಂದಂತಾಗುತ್ತಿತ್ತು. ಪಿತ್ತ ಎಂದಳು. ಅಬ್ರಾರನ ತಂಗಿ ಮಹೆವಿಶ ಚಿತ್ತಾಪುರದಲ್ಲಿ ಪಿಯುಸಿ ಓದುತ್ತಿದ್ದಳು. ಅವಳಿಗೂ ತಲೆ ಸಿಡಿಯುತ್ತಿತ್ತು. ಬಸ್ಸು ಹತ್ತಿ ಕಾಲೇಜು ಮುಟ್ಟುವಷ್ಟರಲ್ಲಿ ಬಿಡುತ್ತಿತ್ತು. ಭಾನುವಾರ ಇಡೀ ದಿನ ಬಿಡುತ್ತಿರಲಿಲ್ಲ. ಇದನ್ನು ಗುರುತಿಸಿದ್ದು ಅವಳೊಬ್ಬಳೇ.

“ಭಾಯ್, ಮನ್ಯಾಗಿದ್ರ ತಲಿ ನೋಯ್ತದ. ಕಾಲೇಜಿಗಿ ಹ್ವಾದ್ರ ನೆಟ್ಟಗಾಗ್ತದ. ಆ ಶೇಗಡಿದೇ ಏನೋ ಅದ.”

“ಮನ್ಯಾಗಿದ್ರ ಭಾಂಡೆ ತಿಕ್ಕಬೇಕಲ್ಲ, ಅದ್ಕ ನೋಯ್ತದ,” ಎಂದ ಅಬ್ರಾರ, ರೊಟ್ಟಿ ಮುರಿಯುತ್ತ.

“ನಾ ಚ್ಯಾಷ್ಟಿ ಮಾಡ್ಲಿಕತ್ತಿಲ್ಲ.”

“ಹೊಗಿ ಅದ ಏನು? ಇಲ್ಲ. ಕೂಸು ತೂಕ ಏರ್ಯದ ಇಲ್ಲ? ಏರ್ಯದ. ಮತ್ತೇನ್ ಬೇಕು ನಿಂಗ?”

ಮಹೆವಿಶ ತಾಟು ಎತ್ತಿಕೊಂಡು ಎದ್ದಳು. ಅವಳು ಓದುತ್ತಿದ್ದುದು ಆರ್ಟ್ಸ್, ವಿಜ್ಞಾನವಲ್ಲ. ಆದರೂ ಮರುದಿನ ಬೆಳಿಗ್ಗೆ ಅಣ್ಣ ಕೆಲಸಕ್ಕೆ ಹೋದ ಮೇಲೆ ಏಣಿ ಹಾಕಿ ಮಾಳಿಗೆ ಹತ್ತಿ, ಬೆಳಕಿಂಡಿಯ ಗೋಣಿಚೀಲವನ್ನು ಕಿತ್ತು ಬಿಸಾಡಿದಳು. ಒಳಗೆ ಯಾರಿಗೂ ಹೇಳದೆ ಕಾಲೇಜಿಗೆ ಹೋದಳು.

ಅಂದು ಮೋಡ ಕವಿದಿತ್ತು. ಬಡಗಣ ಗಾಳಿ ಬೆಳಕಿಂಡಿಯಿಂದ ನೇರ ಮಂಚದ ಮೇಲೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಕೂಸು ಹಾಲು ಬಿಟ್ಟಿತು. ಪಾದ ಮತ್ತೆ ನೀಲಿಯಾಯಿತು. ತುಟಿಯೂ. ಸಮ್ರೀನ್ ಅದನ್ನು ಎದೆಗೆ ಒತ್ತಿಕೊಂಡು ಅಲುಗಾಡಿಸುತ್ತ, ಬಾಯಿಗೆ ಬಂದ ದುವಾ ಹೇಳುತ್ತ ಕೋಣೆ ತುಂಬ ತಿರುಗಾಡಿದಳು. ಹಿಂದಿನ ಕೂಸೂ ಹೀಗೇ ಮೊದಲು ಹಾಲು ಬಿಟ್ಟಿತ್ತು. ಮೂರು ತಾಸು ಬೇಕಾಯಿತು ಮತ್ತೆ ಕಾವು ಬರಲು.

ಮಹೆವಿಶ ಮನೆಗೆ ಬಂದಾಗ ಬೈಯಲಿಲ್ಲ ಸಮ್ರೀನ್. ಅವಳ ಕೈ ಹಿಡಿದು ಕೂಸಿನ ಪಾದ ಮುಟ್ಟಿಸಿದಳು.

“ನೋಡು. ಈಗ ಬಿಸಿ ಅದ. ಮಧ್ಯಾಹ್ನ ಹಿಡಿದ್ರ ಕಲ್ಲು ಹಿಡ್ದಂಗಿತ್ತು. ನಿಂಗ ತಲಿ ನೋಯ್ತದ ಅಂತ ನನ್ನ ಕೂಸಿನ ಜೀವ ತೆಗೀತಿದ್ದಿ.”

“ಭಾಭೀ, ನಾ ಹಂಗ ಅಂದ್ಕೊಂಡು...”

“ಇನ್ನ ಒಂದ್ ಸಲ ಆ ಕಿಂಡಿ ಮುಟ್ಟಬ್ಯಾಡ.”

ಮಹೆವಿಶ ಆಮೇಲೆ ಆ ಮಾತು ಎತ್ತಲಿಲ್ಲ.

ಅಬ್ರಾರ ಮಾರನೆಯ ದಿನ ಶೆಡ್ಡಿನಿಂದ ಅಳತೆಗೆ ಕೊಯ್ದ ಒಂದು ಕಲ್ಲು ತಂದ. ಬೆಳಕಿಂಡಿಯ ಮೇಲೆ ಕೂರಿಸಿ, ಸುತ್ತ ಸಿಮೆಂಟು ಮೆತ್ತಿ, ಒದ್ದೆ ಬಟ್ಟೆಯಿಂದ ಒರೆಸಿ ನಯ ಮಾಡಿದ. ಮಾಳಿಗೆಯ ಬೇರೆ ಸಂದುಗಳಿಗೂ ಉಳಿದ ಸಿಮೆಂಟು ತುಂಬಿದ. ಒಳ್ಳೆಯ ಕೆಲಸ. ಕೆಳಗೆ ಇಳಿದು ತಾಯಿಯನ್ನು ಕರೆದು ತೋರಿಸಿದ.

“ಗಾಳಿ ಬಿಡು ಅಮ್ಮೀ, ಇರಿವಿ ಸೈತ ಬರಂಗಿಲ್ಲ ಈಗ.”

“ಅಲ್ಲಾ ನಿನ್ನ ಕೈಗಿ ಬರ್ಕತ್ ಕೊಡ್ಲಿ,” ಎಂದಳು ಅಮೀರ್ಬೀ.

ಎರಡು ದಿನ ಸಿಮೆಂಟು ಒಣಗಲಿ ಎಂದು ಬಿಟ್ಟರು. ಆ ಎರಡು ದಿನ ಬಿಸಿಲು ಚೆನ್ನಾಗಿತ್ತು, ಕೂಸನ್ನು ಅಂಗಳದಲ್ಲೇ ಕಾಯಿಸಿದರು. ಶೇಗಡಿ ಹಚ್ಚಲಿಲ್ಲ. ಯಾರಿಗೂ ತಲೆ ನೋಯಲಿಲ್ಲ. ಬಿಸಿಲಿಗೆ ಶೀತ ಇಳಿಯಿತು ಎಂದುಕೊಂಡರು.

ಶುಕ್ರವಾರ ಮತ್ತೆ ಮೋಡ. ಬೆಳಿಗ್ಗೆ ಹತ್ತರ ತನಕ ಮಂಜು ಕರಗಲಿಲ್ಲ. ಅಬ್ರಾರ ಕೆಲಸಕ್ಕೆ ಹೋದ. ಅಲ್ಲಿಂದಲೇ ಮಸೀದಿಗೆ ಹೋಗುವವನಿದ್ದ. ಮಹೆವಿಶ ಚಿತ್ತಾಪುರದ ಬಸ್ಸು ಹಿಡಿದಳು. ಹನ್ನೊಂದಕ್ಕೆ ಅಮೀರ್ಬೀ ಬಾಣಂತಿಗೂ ಕೂಸಿಗೂ ಎರೆದಳು. ಎರೆದ ಮೈಗೆ ಗಾಳಿ ಸೋಕದಂತೆ ಇಬ್ಬರನ್ನೂ ಒಳಗೆ ಸೇರಿಸಿ, ತುಂಬಿದ ಶೇಗಡಿ ತಂದಿಟ್ಟು, ಬಾಗಿಲಿನ ಅಗಳಿ ಹಾಕಿ, ಕೌದಿ ಇಳಿಬಿಟ್ಟು, ಅದರ ಕೆಳಗಿನ ಅಂಚನ್ನು ಹೊಸ್ತಿಲಿಗೆ ಕಾಲಿನಿಂದ ಒತ್ತಿ ಸೇರಿಸಿದಳು. ಆಮೇಲೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಶೇಗಡಿಯ ಮುಂದೆ ಕುಳಿತಳು.

ಸಮ್ರೀನಳಿಗೆ ನೆನಪಿರುವುದು ಇಷ್ಟು. ಎಚ್ಚರವಾದಾಗ ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಅತ್ತೆಯನ್ನು ಕರೆದಳು. ಅತ್ತೆ ಕುಳಿತೇ ಇದ್ದಳು, ಉತ್ತರ ಕೊಡಲಿಲ್ಲ. ನಿದ್ದೆ ಹತ್ತಿದೆ ಎಂದುಕೊಂಡಳು. ಅವಳಿಗೂ ನಿದ್ದೆಯೇ ಬರುತ್ತಿತ್ತು. ಹೊಟ್ಟೆ ತೊಳೆಸಿ, ವಾಂತಿಗೆ ಹೊರಗೆ ಹೋಗಬೇಕೆಂದು ಮಂಚದಿಂದ ಇಳಿದಳು. ಇಳಿದದ್ದಲ್ಲ, ಬಿದ್ದದ್ದು. ಬಾಗಿಲಿನ ತನಕ ತೆವಳಿದಳು. ಅಗಳಿಗೆ ಕೈ ಎಟುಕಲಿಲ್ಲ.

ಮೂರೂವರೆಗೆ ಮಹೆವಿಶ ಬಂದು ಬಾಗಿಲು ಬಡಿದಳು. ಮೊದಲು ಮೆಲ್ಲಗೆ ಬಡಿದಳು, ಕೂಸು ಮಲಗಿರಬಹುದೆಂದು. ಆಮೇಲೆ ಹೆಸರು ಹಿಡಿದು ಕೂಗಿದಳು. ಪಕ್ಕದ ಮನೆಯ ಮುಜಾಹಿದ್ ಓಡಿ ಬಂದು ಹಾರೆಯಿಂದ ಅಗಳಿ ಮೀಟಿದ. ಬಾಗಿಲು ಅರ್ಧ ತೆರೆದು ಏನಕ್ಕೋ ತಾಗಿ ನಿಂತಿತು. ಸಮ್ರೀನಳ ಮೈ. ಅವಳ ಮೂಗು ಹೊಸ್ತಿಲಿನ ಸಂದಿಗೆ ಹತ್ತಿತ್ತು. ಉಸಿರಾಡುತ್ತಿದ್ದಳು.

ಒಳಗಿನ ಗಾಳಿಗೆ ಯಾವ ವಾಸನೆಯೂ ಇರಲಿಲ್ಲ. ಮುಜಾಹಿದ್ ಎರಡು ಹೆಜ್ಜೆ ಇಟ್ಟು, “ಮಲ್ಕೊಂಡಾರ,” ಎಂದ. ಹಾಗೇ ಕಾಣುತ್ತಿತ್ತು. ಅಮೀರ್ಬೀ ಗೋಡೆಗೆ ಒರಗಿದ್ದಳು. ಕೂಸು ಅವಳ ತೊಡೆಯ ಮೇಲಿತ್ತು. ಅದರ ಕೆನ್ನೆ ಎಂದೂ ಇಲ್ಲದಷ್ಟು ಕೆಂಪಗಿತ್ತು. ಮಹೆವಿಶ ಅದರ ಪಾದ ಮುಟ್ಟಿದಳು. ಬೆಚ್ಚಗಿತ್ತು. ಅವಳು ಅದನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದಳು, ದವಾಖಾನೆಯ ತನಕವೂ ಆಟೋದಲ್ಲಿ ಆ ಪಾದವನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಳು. ದಾರಿಯಲ್ಲಿ ಅದರ ಬಿಸಿ ಆರಿತು.

ಡಾಕ್ಟರು ಕೂಸಿನ ಕೆನ್ನೆ ನೋಡಿಯೇ ಕೇಳಿದರು: “ಇದ್ದಲಿ ಹಚ್ಚಿದ್ರೇನು?”

“ಹೊಗಿ ಇರಲಿಲ್ರೀ,” ಎಂದ ಅಬ್ರಾರ. ನಮಾಜಿನ ಟೋಪಿ ಇನ್ನೂ ತಲೆಯ ಮೇಲಿತ್ತು. “ಒಂದ್ ಎಳಿ ಹೊಗಿ ಇರಲಿಲ್ಲ.”

“ಇದ್ದಲಿ ವಿಷಗಾಳಿಗಿ ಹೊಗಿನೂ ಇರಂಗಿಲ್ಲ, ವಾಸನಿನೂ ಇರಂಗಿಲ್ಲ,” ಎಂದು ಡಾಕ್ಟರು ಬರೆಯತೊಡಗಿದರು. ಸಮ್ರೀನಳನ್ನು ಆಕ್ಸಿಜನ್ ಹಾಕಿ ಕಲಬುರಗಿಗೆ ಕಳಿಸಿದರು. ಐದನೆಯ ದಿನ ಅವಳಿಗೆ ತಿಳಿಸಿದರು.

ಸತ್ತವರು ಇಬ್ಬರು. ಅಮೀರ್ಬೀ, ಐವತ್ತೇಳು ವರ್ಷ. ಹೆಣ್ಣು ಕೂಸು, ಇಪ್ಪತ್ತೆಂಟು ದಿನ.