ಬೀಗರ ಬಲಗೈ

ಆ ಪಾರ್ಕಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಮರ್ಯಾದೆ ಬೀಗರಿಗೆ. ಬೀಗರು ಅಂದರೆ ಮನುಷ್ಯರಲ್ಲ, ಒಂದು ಮರದ ಚೌಕಟ್ಟು. ಕೂತ ಆಳಿನಷ್ಟು ಎತ್ತರ, ಮೇಲಕ್ಕೆ ಚಾಚಿದ ಎರಡು ಉದ್ದನೆಯ ಕೈ, ಒಂದೊಂದು ಕೈಯ ತುದಿಗೂ ಒಂದೊಂದು ಹಿತ್ತಾಳೆ ಗಂಟೆ. ಮಕ್ಕಳ ರೈಲುಬಂಡಿ ಹಾದುಹೋಗುವ ಕತ್ತಲೆ ಸುರಂಗದಲ್ಲಿ ಹೊಸದಾಗಿ ಏನನ್ನು ತೂಗುಹಾಕಿದರೂ, ಜನರನ್ನು ಹತ್ತಿಸುವ ಮೊದಲು ಬೀಗರನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಒಂದು ಸುತ್ತು ಕಳಿಸಬೇಕು. ಎಲ್ಲಾದರೂ ತಾಕಿದರೆ ಗಂಟೆ ಬಾರಿಸುತ್ತದೆ. ತಾಕಿದ್ದನ್ನು ಕಿತ್ತು ಹಿಂದೆ ಸರಿಸಬೇಕು. ಎಂಥ ನೀಳಗೈಯವನು ಕೂತು ಕೈಯೆತ್ತಿದರೂ ಅವನ ಬೆರಳು ಯಾವುದಕ್ಕೂ ಸಿಕ್ಕಬಾರದು ಎಂಬ ಲೆಕ್ಕದಲ್ಲಿ ಆ ಕೈಗಳನ್ನು ಅಳೆದು ಮಾಡಿದ್ದರು. ಬಂದು ಕೂರುತ್ತಾರೆ, ಒಂದು ಕಡ್ಡಿ ಎತ್ತಿ ಆ ಕಡೆ ಇಡುವುದಿಲ್ಲ, ತಪ್ಪು ಮಾತ್ರ ಹುಡುಕುತ್ತಾರೆ. ಅದಕ್ಕೇ ಬೀಗರು. ಹೆಸರಿಟ್ಟವಳು ಮೇಸ್ತ್ರಿಯ ಹೆಂಡತಿ.

ಮೇಸ್ತ್ರಿ ಮರಗೆಲಸದವನು. ವರ್ಷದ ಹನ್ನೊಂದು ತಿಂಗಳು ಆ ಬಂಡಿ ಕಾಡುಬಂಡಿ. ಒಳಗೆ ಗುರುಗುಟ್ಟುವ ಕರಡಿ, ಆನೆಮರಿ, ಜೇನುಹುಟ್ಟು. ದೆವ್ವದ ವೇಷ ಹಾಕುವ ಹ್ಯಾಲೋವೀನ್ ಹಬ್ಬದ ತಿಂಗಳು ಬಂತೆಂದರೆ ಮೇಸ್ತ್ರಿ ಒಂಬತ್ತು ದಿನದಲ್ಲಿ ಅದನ್ನು ದೆವ್ವದ ಬಂಡಿ ಮಾಡುತ್ತಿದ್ದ. ಕರಡಿಗೆ ಬಿಳಿ ಮುಸುಕು ಬೀಳುತ್ತಿತ್ತು, ಜೇನುಹುಳಗಳಿಗೆ ಬಾವಲಿಯ ರೆಕ್ಕೆ ಬರುತ್ತಿತ್ತು, ಮರದ ಪೊಟರೆಗಳಲ್ಲಿ ಥರ್ಮೊಕೋಲಿನ ಕುಂಬಳಕಾಯಿಗಳು ಹಲ್ಲು ಕಿರಿಯುತ್ತಿದ್ದವು. ಮುಸುಕು, ಜೇಡರ ಬಲೆಗಳೆಲ್ಲ ಹೆಂಡತಿಯ ಹೊಲಿಗೆ. ಪ್ರತಿ ವರ್ಷ ಅವಳು ಬೀಗರಿಗೂ ಅಳತೆ ಹಿಡಿದು ಒಂದು ಅಂಗಿ ಹೊಲಿಯುತ್ತಿದ್ದಳು. "ಸಂಬಂಧಿಕರನ್ನ ಬರಿಮೈಲಿ ಕೂರಿಸಿದ್ರೆ ಜನ ಏನಂದಾರು?" ಎನ್ನುತ್ತಿದ್ದಳು.

ಈ ಸಲ ಮೇಸ್ತ್ರಿ ಒಬ್ಬ ದೆವ್ವದಜ್ಜಿಯನ್ನು ಮಾಡಿದ್ದ. ಮೂರನೆಯ ತಿರುವಿನಲ್ಲಿ ಚಾವಣಿಯಿಂದ ಬಾಗಿ, ಕಬ್ಬಿಣದ ಲಾಂದ್ರ ಹಿಡಿದು, ಬಂಡಿಯಲ್ಲಿ ಬಂದ ಮಕ್ಕಳ ಮುಖವನ್ನು "ಯಾರ ಮನೆ ಕೂಸೇ ನೀನು?" ಎನ್ನುವಂತೆ ನೋಡುವ ಅಜ್ಜಿ. ಅವನ ಕೈಯಿಂದ ಅಷ್ಟು ಚೆಂದದ್ದು ಹಿಂದೆ ಬಂದಿರಲಿಲ್ಲ. ಕೊನೆಯ ದಿನ ನೋಡುವಾಗ ಅವಳ ಲಾಂದ್ರದ ಬೆಳಕು ಮಕ್ಕಳು ಕೂರುವ ಜಾಗದ ಮೇಲೆ ಬೀಳದೆ ಗೋಡೆಗೆ ಬೀಳುತ್ತಿತ್ತು. ಮನಸ್ಸು ತಡೆಯಲಿಲ್ಲ. ನಕ್ಷೆಯಲ್ಲಿ ಇಲ್ಲದ ನಾಲ್ಕು ಬೆರಳು ಉದ್ದವನ್ನು ಅವಳನ್ನು ತೊಲೆಗೆ ತೂಗುಹಾಕಿದ್ದ ಕಬ್ಬಿಣದ ಕುತ್ತಿಗೆಗೆ ಸೇರಿಸಿ, ಇನ್ನಷ್ಟು ಬಾಗಿಸಿ, ಬೆಸುಗೆಯ ಮೇಲೆ ಗಾರೆ ಮೆತ್ತಿ ಬಣ್ಣ ಹೊಡೆದ. ಒಳ್ಳೆಯದನ್ನು ಮಾಡುತ್ತ ಮಾಡುತ್ತಲೇ ಮನುಷ್ಯ ಎಡವುತ್ತಾನೆ. ಕೆಟ್ಟದ್ದು ಮಾಡುವಾಗ ಕಣ್ಣಾದರೂ ತೆರೆದಿರುತ್ತದೆ.

ತೆರೆಯುವ ದಿನ ಬೆಳಿಗ್ಗೆ ಬೀಗರು ಹೊರಟರು. ಗುಂಡಿಗಳ ಮೇಜಿನ ಮುಂದೆ ಗುಂಡಿಯಕ್ಕ ಇದ್ದಳು. ಬಂಡಿ ಓಡಿಸುವುದೂ ನಿಲ್ಲಿಸುವುದೂ ಅವಳ ಕೆಲಸ. ಪಕ್ಕದಲ್ಲಿ ಸೂಪರ್‌ವೈಸರ್ ಕಾಗದ ಹಿಡಿದು ನಿಂತಿದ್ದ. ಮೇಸ್ತ್ರಿ ಒಳಗೆ ಮೂರನೆಯ ತಿರುವಿನಲ್ಲಿ ನಿಂತಿದ್ದ. ಕರಡಿ ಗುರುಗುಟ್ಟಿತು. ಬಾವಲಿಗಳು ಕಿಚಗುಟ್ಟಿದವು. ಆಮೇಲೆ ಬೀಗರ ಬಲಗೈಯ ಗಂಟೆ ಲಾಂದ್ರಕ್ಕೆ ಬಡಿದು ಟಣ್ ಎಂದಿತು.

"ಏನ್ ಮೇಸ್ತ್ರಿ?" ಸೂಪರ್‌ವೈಸರನ ದನಿ ಸುರಂಗದ ಬಾಯಿಂದ ಬಂತು.

"ಒಂದು ಬಾವಲಿ ತಾಕ್ತು ಸಾರ್. ಹತ್ತು ನಿಮಿಷ ಕೊಡಿ."

"ಹತ್ತೇ. ಹೊರಗೆ ಜನ ಆಗಲೇ ಸಾಲು ನಿಂತಿದ್ದಾರೆ. ಇವತ್ತು ಬಂಡಿ ಓಡಲಿಲ್ಲ ಅಂದ್ರೆ ಮುಂದಿನ ವರ್ಷ ನಿಮಗೂ ರಜ, ನನಗೂ ರಜ."

ಗಾರೆ ಒಣಗಿ ಕಲ್ಲಾಗಿತ್ತು. ಅದನ್ನು ಒಡೆದು, ಕತ್ತನ್ನು ತೊಲೆಯಿಂದ ಬಿಚ್ಚಿ, ಮತ್ತೆ ಕೂರಿಸಲು ಅರ್ಧ ದಿನ ಬೇಕು. ಲಾಂದ್ರವನ್ನಷ್ಟೇ ಕೀಳೋಣವೆಂದರೆ ಮುಂದಿನ ದೀಪಗಳಿಗೆಲ್ಲ ತಂತಿ ಹೋಗಿದ್ದು ಅದರೊಳಗಿಂದಲೇ. ಕಿತ್ತರೆ ಅರ್ಧ ಸುರಂಗ ಸತ್ತಂತೆ. ಮೇಸ್ತ್ರಿ ಅಜ್ಜಿಯನ್ನು ನೋಡಿದ. ಬೀಗರನ್ನು ನೋಡಿದ. ಕೈಯಲ್ಲಿ ಗರಗಸ ಇತ್ತು. ನಾನು ಮಾಡಲಿಲ್ಲ, ಕೈ ಮಾಡಿತು ಎಂದು ಆಮೇಲೆ ಅವನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಬೀಗರ ಬಲಗೈ ಮೇಲಿನ ಅಂಗಿಯ ತೋಳು ಸರಿಸಿ, ತುದಿಯಿಂದ ನಾಲ್ಕು ಬೆರಳು ಕೊಯ್ದು, ತುಂಡನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡು, ಉಳಿದ ಮೊಂಡು ತುದಿಗೆ ಗಂಟೆ ಕಟ್ಟಿದ.

ಎರಡನೆಯ ಸುತ್ತಿಗೆ ಬೀಗರು ಮಾತಾಡಲಿಲ್ಲ. ಸೂಪರ್‌ವೈಸರ್ ಸಹಿ ಹಾಕಿದ. "ನಿಮ್ಮ ಕೈಗುಣ ಮೇಸ್ತ್ರಿ," ಎಂದು ಬೆನ್ನು ತಟ್ಟಿ ಹೋದ.

ಹತ್ತಕ್ಕೆ ಬಾಗಿಲು ತೆರೆಯಿತು. ಆರಕ್ಕೆ ಮುಚ್ಚುತ್ತದೆ. ಮುಚ್ಚಿದ ಕೂಡಲೇ ಒಳಗೆ ಹೋಗಿ ಕತ್ತು ಸರಿಮಾಡಿ, ಬೀಗರಿಗೂ ಹೊಸ ಕೈ ಜೋಡಿಸಿಬಿಡುತ್ತೇನೆ. ಎಂಟು ಗಂಟೆಯ ಮಾತು. ನಾಲ್ಕು ಬೆರಳಿನ ಜಾಗಕ್ಕೆ ಬೆರಳು ತಲುಪಬೇಕಾದರೆ ಆಸಾಮಿ ತಾಳೆಮರದಂತಿರಬೇಕು. ನೂರರಲ್ಲಿ ಒಬ್ಬ ಇದ್ದಾನು. ಹೀಗೆ ಲೆಕ್ಕ ಹಾಕಿಕೊಂಡು ಅವನು ಬಂಡಿ ಹತ್ತುವ ಕಟ್ಟೆಯ ಮೇಲೆ ಬಂದು ನಿಂತ.

ಆದರೆ ಅವನು ಒಂದನ್ನು ಎಣಿಸಿರಲಿಲ್ಲ. ಅಜ್ಜಿ ಅಷ್ಟು ಮುದ್ದಾಗಿದ್ದಳು. ಇಳಿದು ಬಂದ ಮಕ್ಕಳೆಲ್ಲ ಒಂದೇ ಮಾತು: "ದೀಪ ಮುಟ್ಟೋಕೆ ಹೋದೆ, ಸಿಗಲೇ ಇಲ್ಲ!" ಕೈ ಒಳಗಿಡಿ ಎಂದು ಗೋಡೆಯ ಮೇಲೆ ಬರೆದದ್ದನ್ನು ಯಾರು ಓದುತ್ತಾರೆ? ಒಬ್ಬರಲ್ಲ ಇಬ್ಬರಲ್ಲ, ಎಲ್ಲರೂ ಕೈ ಎತ್ತುತ್ತಿದ್ದರು. ಓಡುವ ಬಂಡಿ, ಲಾಂದ್ರದ ಕಬ್ಬಿಣದ ಸರಳು, ನಡುವೆ ಒಂದು ಬೆರಳು.

ಮೇಸ್ತ್ರಿ ಸಾಲಿನಲ್ಲಿದ್ದವರ ತೋಳುಗಳನ್ನು ಕಣ್ಣಿನಲ್ಲೇ ಅಳೆಯತೊಡಗಿದ. ಗಿಡ್ಡ. ಗಿಡ್ಡ. ಪರವಾಗಿಲ್ಲ. ಒಬ್ಬ ಉದ್ದನೆಯ ಹೆಂಗಸು ಬಂದಾಗ ಅಡ್ಡ ಹೋದ. "ಬಲಗಡೆ ಸೀಟು ಒದ್ದೆಯಾಗಿದೆಯಮ್ಮ, ಎಡಗಡೆಗೆ ಕೂತ್ಕೊಳ್ಳಿ," ಎಂದ. ಇನ್ನೊಬ್ಬ ನೀಳ ಮುದುಕ ಬಂದ. ಪುಣ್ಯಕ್ಕೆ ಅವನ ಎರಡೂ ಕೈಲಿ ಕೂಸಿತ್ತು. ದೇವರೇ, ಇವತ್ತೊಂದು ದಿನ ಗಿಡ್ಡರನ್ನೇ ಕಳಿಸು. ದೇವರ ಮುಂದೆ ಜನ ಮಳೆ ಬೇಡಿದ್ದಾರೆ, ಮಕ್ಕಳನ್ನು ಬೇಡಿದ್ದಾರೆ. ಇಂಥದ್ದನ್ನು ಯಾರೂ ಬೇಡಿರಲಿಕ್ಕಿಲ್ಲ. ಬೇಡುವಾಗಲೇ ಅವನಿಗೆ ನಾಚಿಕೆಯಾಯಿತು, ಆದರೂ ಬೇಡುವುದು ನಿಲ್ಲಲಿಲ್ಲ.

"ಏನ್ ಮೇಸ್ತ್ರಿಯಣ್ಣ, ಬಂದೋರ ಉದ್ದಗಲ ನೋಡ್ತಾ ಇದೀರಿ? ಮಗಳಿಗೆ ಗಂಡು ಹುಡುಕ್ತಿದೀರಾ?" ಎಂದಳು ಗುಂಡಿಯಕ್ಕ.

ಅವನು ನಗಲು ನೋಡಿದ. ಕಣ್ಣು ಮತ್ತೆ ಸಾಲಿನತ್ತಲೇ ಹೋಯಿತು.

"ಹೋಗ್ಲಿ, ಇದನ್ನ ಹೇಳಿ. ಕಟ್ಟೆ ಮೇಲೆ ಹನ್ನೆರಡು ಕುಂಬಳಕಾಯಿ ಇಟ್ಟಿದ್ರಲ್ಲ, ಈಗ ಹನ್ನೊಂದೇ ಇದೆ. ಕಳ್ಳ ಯಾರು?"

ಮೇಸ್ತ್ರಿಯ ಕೈ ತಾನಾಗಿ ಜೇಬಿನ ಮೇಲೆ ಹೋಯಿತು.

ಅವಳು ಕೊಂಯ್ ಎಂದು ನಕ್ಕಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕೊಂಡೋನ ಕಥೆ ಕೇಳಿದ್ದೆ. ಜೇಬು ಮುಟ್ಕೊಳ್ಳೋರನ್ನ ಇವತ್ತೇ ನೋಡಿದ್ದು!"

ಎರಡು ಗಂಟೆಯ ಹೊತ್ತಿಗೆ ಹೆಂಡತಿ ಊಟದ ಚೀಲ ಹಿಡಿದು ಬಂದಳು. ಬಂದವಳು ಚೀಲ ಕೊಡಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತಳು.

"ರೀ, ಶೆಡ್ಡಿಗೆ ಹೋಗಿದ್ದೆ. ಬೀಗರ ಬಲತೋಳು ಜೋತು ಬಿದ್ದಿದೆ."

"ಅಂಗಿ ಉದ್ದ ಆಗಿರ್ಬೇಕು."

"ಎಡಗಡೆ ಸರಿಯಾಗಿದೆ. ಎರಡೂ ಒಂದೇ ಬಟ್ಟೇಲಿ, ಒಂದೇ ಅಳತೇಲಿ ಹೊಲಿದಿದ್ದು." ದನಿ ತಗ್ಗಿಸಿದಳು. "ಬಟ್ಟೆ ರಾತ್ರೋರಾತ್ರಿ ಬೆಳೆಯಲ್ಲ ರೀ. ಮರಾನೇ ಕಮ್ಮಿ ಆಗಿರ್ಬೇಕು."

ಅವಳು ಕೈ ಚಾಚಿ ಅವನ ಜೇಬನ್ನು ಹೊರಗಿನಿಂದಲೇ ಮುಟ್ಟಿದಳು. ಮರದ ತುಂಡು ಬೆರಳಿಗೆ ತಾಕಿತು. ಅವಳು ಕೈ ಹಿಂತೆಗೆದಳು.

"ಅಜ್ಜಿ ಹತ್ರಾನಾ ತಾಕಿದ್ದು?"

"ಆರಕ್ಕೆ ಸರಿಮಾಡ್ತೀನಿ ಕಣೇ. ಆರಕ್ಕೆ. ಇನ್ನು ನಾಲ್ಕು ಗಂಟೆ ಹೇಗೋ..."

"ನಾಲ್ಕು ಗಂಟೇಲಿ ಎಷ್ಟು ಬಂಡಿ ಹೋಗುತ್ತೆ?"

"ಬೆಳಗ್ಗೆಯಿಂದ ಏನೂ ಆಗಿಲ್ವಲ್ಲ!"

"ಆಗಿದ್ರೆ ನೀವು ಇಲ್ಲಿ ನಿಂತಿರ್ತಿದ್ರಾ?" ಅವಳು ಕಟ್ಟೆಯ ಅಂಚಿಗೆ ಕೂತಳು. "ನಾನು ಯಾರಿಗೂ ಹೇಳಲ್ಲ. ಹೇಳ್ಬೇಕಾದ ಬಾಯಿ ನಂದಲ್ಲ. ಆದ್ರೆ ಇಲ್ಲಿಂದ ಏಳೋದೂ ಇಲ್ಲ."

ಅವನು ಹೇಳಬೇಕೆಂದು ಎರಡು ಹೆಜ್ಜೆ ಗುಂಡಿಯಕ್ಕನ ಕಡೆ ಹೋದ. ಆಗಲೇ ಒಂದು ಬಂಡಿ ಇಳಿಯಿತು, ಮಕ್ಕಳು ನಗುತ್ತ ಬಂದರು, ಎಲ್ಲರ ಬೆರಳೂ ಸರಿಯಾಗಿದ್ದವು. ಅವನು ನಿಂತುಬಿಟ್ಟ. ಇನ್ನೊಂದು ಬಂಡಿ ಹೋಯಿತು. ಬಂತು. ಪ್ರತಿ ಸಲವೂ ಬೆರಳೆಣಿಸಿದ, ಪ್ರತಿ ಸಲವೂ ಇದೊಂದು ಸಲ ಎಂದುಕೊಂಡ. ಹಳೆಯ ಮೆಟ್ಟಿಲು ಇಳಿಯುವವನು ಪ್ರತಿ ಮೆಟ್ಟಿಲಲ್ಲೂ ಇದು ಮುರಿಯಲಿಲ್ಲ, ಇನ್ನೊಂದೂ ಮುರಿಯದು ಎಂದುಕೊಳ್ಳುತ್ತಾನೆ. ಇಳಿಯುತ್ತಿರುವುದಂತೂ ಕೆಳಕ್ಕೇ.

ಮೂರು ಮುಕ್ಕಾಲಿಗೆ ಸಾಲಿನ ಹಿಂದಿನಿಂದ ಒಂದು ತಲೆ ಎಲ್ಲರ ತಲೆಗಳಿಗಿಂತ ಮೇಲೆ ಕಾಣಿಸಿತು. ಆ ತಲೆಯ ಮೇಲೆ ಇನ್ನೊಂದು ಪುಟ್ಟ ತಲೆ. ಅಪ್ಪನ ಹೆಗಲೇರಿದ ಐದಾರು ವರ್ಷದ ಹುಡುಗಿ. ಆ ಮನುಷ್ಯ ಒಳಬರುವಾಗ ಬಾಗಿಲಿನ ಕಮಾನಿಗೆ ತಗ್ಗಿದ. ಮೇಸ್ತ್ರಿ ಅವನ ತೋಳು ನೋಡಿದ. ಬೀಗರ ಕೈಯೇ ನಡೆದು ಬಂದಂತಿತ್ತು.

"ಸ್ವಾಮಿ, ಈ ಬಂಡಿ... ಸ್ವಲ್ಪ ತೊಂದರೆ ಇದೆ. ಬೇರೇದಕ್ಕೆ ಹೋಗಿ."

"ಒಂದು ಗಂಟೆಯಿಂದ ನಿಂತಿದೀನಿ ಯಜಮಾನ್ರೇ. ನನ್ನ ಮುಂದಿನವರಿಗೆಲ್ಲ ಇಲ್ಲದ ತೊಂದರೆ ನನಗೊಬ್ಬನಿಗಾ?"

"ಬೆಳಗ್ಗೆ ಅಮ್ಮನ ಜೊತೆ ಹೋಗಿದ್ದೆ," ಹುಡುಗಿ ಮೇಲಿನಿಂದ ಹೇಳಿದಳು. "ಅಮ್ಮನ ಕೈ ಗಿಡ್ಡ. ಅಜ್ಜಿ ದೀಪ ಮುಟ್ಟೋಕೆ ಅಪ್ಪನ್ನ ಕರ್ಕೊಂಡ್ ಬಂದೆ."

"ಹೂಂ, ನಮ್ಮಪ್ಪ ಮುಟ್ಟೇ ಮುಟ್ತಾನೆ ಅಂತ ಎಲ್ಲರ ಹತ್ರ ಪಂದ್ಯ ಕಟ್ಟಿದ್ದಾಳೆ," ಅಪ್ಪ ನಕ್ಕ.

"ಕೈ ಒಳಗಿಡಿ ಸ್ವಾಮಿ. ಕೈ ಮುಗೀತೀನಿ. ಎತ್ತಬೇಡಿ."

"ಆಯ್ತು ಆಯ್ತು," ಎಂದು ಅವನು ಮಗಳಿಗೆ ಕಣ್ಣು ಹೊಡೆದ. ಮುಂದಿನ ಸೀಟಿನಲ್ಲಿ, ಬಲಗಡೆ ಕೂತ. ತೊಡೆಯ ಮೇಲೆ ಸೀಟಿನ ತಡೆಸರಳು ಬಿತ್ತು. ಬಂಡಿ ಹೊರಟಿತು.

ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ. ಅವಳು ಕಣ್ಣು ಮುಚ್ಚಿದ್ದಳು, ತುಟಿ ಅಲುಗುತ್ತಿತ್ತು. ಒಳಗೆ ಕರಡಿ ಗುರುಗುಟ್ಟಿತು. ಕರಡಿ ಆದ ಮೇಲೆ ಬಾವಲಿ. ಬಾವಲಿ ಆದ ಮೇಲೆ ಅಜ್ಜಿ.

ಅವನು ಓಡಿದ. ಜೋಡಿಸಿಟ್ಟ ಕುಂಬಳಕಾಯಿಗಳನ್ನು ಎಡವಿ ಬಿದ್ದು, ಎದ್ದು, ಮೇಜಿಗೆ ಅಪ್ಪಳಿಸಿದ.

"ಅಕ್ಕಾ, ನಿಲ್ಲಿಸು! ಕೆಂಪು ಗುಂಡಿ ಒತ್ತು!"

"ಹುಚ್ಚಾ ನಿಮಗೆ? ಅದನ್ನ ಒತ್ತಿದ್ರೆ ಇಡೀ ದಿನ ಜನರಿಗೆ ಬಂದ್. ಯಾಕೆ, ಏನಾಯ್ತು?"

ಬಾವಲಿಗಳು ಕಿಚಗುಟ್ಟಿದವು.

"ಬೀಗರ ಕೈ ಕೊಯ್ದಿದೀನಿ! ನಾನೇ ಕೊಯ್ದೆ! ಅಜ್ಜಿ ಕೈಗೆ ಸಿಗ್ತಾಳೆ ಅಕ್ಕಾ!"

ಅವಳ ಮುಖದಿಂದ ನಗು ಮಾಯವಾಗುವ ಮೊದಲೇ ಅಂಗೈ ಗುಂಡಿಯ ಮೇಲೆ ಬಿದ್ದಿತ್ತು. ಸುರಂಗದೊಳಗೆ ಕಬ್ಬಿಣ ಕಿರುಚಿತು. ಎಲ್ಲ ಕಡೆ ಬಿಳಿ ದೀಪ ಹತ್ತಿತು.

ಮೇಸ್ತ್ರಿ ಹಳಿಯ ಮೇಲೆ ಓಡಿಹೋದ. ಬಂಡಿ ಮೂರನೆಯ ತಿರುವಿನಲ್ಲಿ ನಿಂತಿತ್ತು. ಆ ಮನುಷ್ಯನ ಬಲಗೈ ಇನ್ನೂ ಮೇಲೆಯೇ ಇತ್ತು, ಐದೂ ಬೆರಳು ಅಗಲಿಸಿ. ಬೆರಳಿಗೂ ಲಾಂದ್ರಕ್ಕೂ ನಡುವೆ ಒಂದು ಗೇಣು.

"ಅಪ್ಪಾ, ಇನ್ನೊಂಚೂರು!" ಹುಡುಗಿ ಕೂಗುತ್ತಿದ್ದಳು.

ಬಿಳಿ ದೀಪದಲ್ಲಿ ಅಜ್ಜಿ ಬರೀ ಬಟ್ಟೆ, ತಂತಿ, ಗಾರೆ. ಮೇಸ್ತ್ರಿ ಬಂಡಿಯ ಪಕ್ಕಕ್ಕೆ ಬಂದ. ಆ ಮನುಷ್ಯನ ಕೈಯನ್ನು ಎರಡೂ ಕೈಲಿ ಹಿಡಿದುಕೊಂಡು ಒಂದೊಂದೇ ಬೆರಳನ್ನು ಮುಟ್ಟಿ ನೋಡಿದ.

"ಏನ್ರೀ ಇದು, ಬಿಡ್ರೀ," ಎಂದ ಆ ಮನುಷ್ಯ. ಆದರೆ ಮೇಸ್ತ್ರಿಯ ಕಣ್ಣು ನೋಡಿ ಕೈ ಎಳೆದುಕೊಳ್ಳಲಿಲ್ಲ. ಲಾಂದ್ರದ ಕಬ್ಬಿಣದ ಸರಳುಗಳ ಕಡೆ ಒಮ್ಮೆ ತಲೆಯೆತ್ತಿ ನೋಡಿದ. ಅವನಿಗೂ ಅರ್ಥವಾಯಿತು. ಮಗಳನ್ನು ಎದೆಗೆ ಅವುಚಿಕೊಂಡ.

ಜನರನ್ನು ಇಳಿಸಿ ಕಳಿಸಿದ ಮೇಲೆ ಸೂಪರ್‌ವೈಸರ್ ಬಂದ. ಮೇಸ್ತ್ರಿ ಜೇಬಿನಿಂದ ತುಂಡು ತೆಗೆದು ಅವನ ಅಂಗೈಯಲ್ಲಿಟ್ಟ. ಸೂಪರ್‌ವೈಸರ್ ಅದನ್ನು ಹೊರಳಿಸಿ ಹೊರಳಿಸಿ ನೋಡಿದ. ಬೈಗುಳ ಬರುತ್ತದೆಂದು ಎಲ್ಲರೂ ಕಾದರು.

"ಬೇರೆ ಯಾರೇ ಮಾಡಿದ್ರೂ ನಾನು ಒಳಗೆ ಬಂದು ನೋಡ್ತಿದ್ದೆ," ಎಂದ ಅವನು ಕೊನೆಗೆ. "ನೀವು ಅಂತ ನೋಡ್ಲಿಲ್ಲ." ಬೈದಿದ್ದರೆ ಮೇಸ್ತ್ರಿಗೆ ಹಗುರವಾಗುತ್ತಿತ್ತು.

"ಇದನ್ನ ಜೋಡಿಸಿ ಹೋಗ್ತೀನಿ ಸಾರ್. ಇದೊಂದೇ ಕೆಲಸ."

ಯಾರೂ ಬೇಡವೆನ್ನಲಿಲ್ಲ. ಅವನು ಬೀಗರನ್ನು ಕಟ್ಟೆಗೆ ತಂದು, ತುಂಡನ್ನು ಕೈಗೆ ಹೊಂದಿಸಿ, ಪಕ್ಕಕ್ಕೊಂದು ಪಟ್ಟಿ ಕೊಟ್ಟು ಮೊಳೆ ಹೊಡೆದ. ಗಾಯದ ಗೆರೆ ಕಾಣುತ್ತಲೇ ಇತ್ತು. ಗಂಟೆ ಕಟ್ಟಿದ. ಹೆಂಡತಿ ಜೋತುಬಿದ್ದ ತೋಳನ್ನು ಮೇಲೆಳೆದು ತುದಿಗೆ ಗುಂಡಿ ಹಾಕಿದಳು. ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇರಲಿಲ್ಲ.

ಗುಂಡಿಯಕ್ಕ ಖಾಲಿ ಬಂಡಿಯಲ್ಲಿ ಬೀಗರನ್ನು ಕಳಿಸಿದಳು. ನಾಲ್ವರೂ ಸುರಂಗದ ಬಾಯಲ್ಲಿ ಕಿವಿಗೊಟ್ಟು ನಿಂತರು. ಕರಡಿ ಗುರುಗುಟ್ಟಿತು. ಬಾವಲಿಗಳು ಕಿಚಗುಟ್ಟಿದವು. ಆಮೇಲೆ ಒಳಗಿನಿಂದ ಗಂಟೆ ಬಾರಿಸಿತು, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ. ಮೇಸ್ತ್ರಿಯ ಕೈಗಳು ಅವನಿಗೆ ಗೊತ್ತಿಲ್ಲದೆ ಎದೆಯ ಹತ್ತಿರ ಕೂಡಿಕೊಂಡವು.

ಸೂಪರ್‌ವೈಸರ್ ಬೆಳಗಿನ ಕಾಗದವನ್ನು ಹರಿದ. ಮೇಸ್ತ್ರಿ ಕೊರಳಿನಿಂದ ಪಾರ್ಕಿನ ಕೆಲಸದ ಪಾಸು ಬಿಚ್ಚಿ, ಯಾರೂ ಕೇಳುವ ಮೊದಲೇ, ಗುಂಡಿಗಳ ಮೇಜಿನ ಮೇಲಿಟ್ಟ. ಗುಂಡಿಯಕ್ಕ ಅದನ್ನು ನೋಡಿದಳೇ ಹೊರತು ಮುಟ್ಟಲಿಲ್ಲ.

ಹೊರಗೆ ಸಾಲಿನಲ್ಲಿದ್ದವರು ಗೊಣಗುತ್ತ ಚದುರುತ್ತಿದ್ದರು. "ಯಾವನೋ ನಿಲ್ಲಿಸಿಬಿಟ್ಟನಂತೆ," ಎಂದು ಒಬ್ಬ ಹಲ್ಲು ಕಡಿದ. ಗಂಡ ಹೆಂಡತಿ ಅವರ ನಡುವೆಯೇ ತಲೆ ತಗ್ಗಿಸಿ ನಡೆದರು. ಗೇಟಿನ ಹತ್ತಿರ ಒಂದು ಕಲ್ಲು ಬೆಂಚಿತ್ತು. ಮೇಸ್ತ್ರಿ ಅಲ್ಲಿ ಕೂತ.

"ಚೀಲದಲ್ಲಿ ಊಟ ಇದೆಯಾ?" ಎಂದ.

"ಹಾಗೇ ಇದೆ. ಆರಿಹೋಗಿದೆ."

"ಕೊಡು. ಹಸಿವಾಗ್ತಿದೆ," ಎಂದು ಅವನು ಕೈ ಚಾಚಿದ.